ಪ್ರಸ್ತಾರ

ಮೂರು ದಿನದ ಕಾರ್ಯಾಗಾರ, ಕಲಾ ವಿಭಾಗದವರೂ
ಬರಲೇಬೇಕೆಂದು ನೋಟಿಸು. ಊಟ ಅದ ಅಂದರು, ಹೋದೆ.
ಮೇ ತಿಂಗಳ ಕಲಬುರಗಿ, ಹತ್ತಕ್ಕೇ
ಕಿಟಕಿಯ ಸರಳು ಮುಟ್ಟಲಾಗದು.
ಬಿ.ಕಾಂ.ನ ಸೂಗಪ್ಪ, ಉರ್ದು ಎಂ.ಎ.ಯ ಸಬೀಹಾ,
ಸಿವಿಲ್ ಡಿಪ್ಲೊಮಾದ ಇಬ್ಬರು,
ಹಿಂದಿನ ಬೆಂಚಿಗೆ ನಾನು, ಹಳಗನ್ನಡದವಳು,
ಜೀವಶಾಸ್ತ್ರವನ್ನು ಹತ್ತನೆಯಲ್ಲೇ
ಕಪ್ಪೆಯ ಚಿತ್ರದ ಜೊತೆ ಮುಚ್ಚಿಟ್ಟವಳು.

ತಹಸೀನ್ ಮೇಡಮ್ ಕಮಲಾಪುರದ ಕೆಂಪು ಬಾಳೆ ಸುಲಿದು
ನಮ್ಮ ಕೈಗೇ ಕೊಟ್ಟರು: "ತಿನಬ್ಯಾಡ್ರಿ, ಕಿವುಚ್ರಿ."
ಚಿಟಿಕೆ ಉಪ್ಪು, ಪಾತ್ರೆ ತೊಳೆಯುವ ಸೋಪಿನ ನೀರು,
ಚಹಾ ಸೋಸುವ ಜಾಳಿಗೆ.
ಕರೆಂಟು ಹೋಗಿ ಫ್ರಿಜ್ಜು ಸುಮ್ಮನಾಗಿತ್ತು.
ಅಟೆಂಡರ್ ಕಾಶಪ್ಪ ಗೇಟಿನೆದುರಿನ ಕಬ್ಬಿನ ಹಾಲಿನ ಗಾಡಿಯಿಂದ
ಬರ್ಫ ತಂದ, ಗೋಣಿಯ ನಾರು ಅಂಟಿದ ಬರ್ಫ.
ಅದರಲ್ಲಿ ತಣಿದ ಸ್ಪಿರಿಟ್ಟು
ಗಾಜಿನ ಗೋಡೆಗುಂಟ ಇಳಿದಾಗ
ಎದ್ದವು ಬಿಳಿ ಬಿಳಿ ಎಳೆ.
ಅರಳೆ ಎಂದಳು ಸಬೀಹಾ, ಶ್ಯಾವಿಗೆ ಎಂದ ಸೂಗಪ್ಪ.
"ಬಾಳಿ ತನ್ನನ್ನ ತಾನು ಬರಕೊಂಡಿದ್ದು ನೋಡ್ರಿ ಇದು."

ಮರುದಿನ ಕಂಪ್ಯೂಟರು. ಪರದೆ ತುಂಬ ಎ, ಟಿ, ಜಿ, ಸಿ,
ಪದಕ್ಕೆ ಪದಕ್ಕೆ ನಡುವೆ ಜಾಗವಿಲ್ಲ,
ತಾಳೆಗರಿಯ ಹಾಗೆ ಒಂದೇ ಓಟ.
"ಇಡೀ ಗ್ರಂಥ ಒಂದೇ ಗುಕ್ಕಿಗೆ ಓದೋ ಮಷೀನಿಲ್ರಿ.
ಚೂರು ಮಾಡಿ ಓದ್ತೀವಿ. ಒಂದರ ಬಾಲ
ಇನ್ನೊಂದರ ತಲಿಗಿ ಹೊಂದಿತಂದ್ರ ಜೋಡಸ್ತೀವಿ."

ಬಾಯಿಂದ ತಾನೇ ಬಂತು:
"ಮೇಡಮ್, ಇದು ನಮ್ಮ ಬಲ್ಲಿ ಅದ."
ಎಲ್ಲರೂ ತಿರುಗಿದರು. ಎದ್ದುಹೋಗಿ ಹಲಗೆಗೆ ಬರೆದೆ:

ಯಮಾತಾರಾಜಭಾನಸಲಗಂ

ಯಮಾತಾ ಅಂದರೆ ಯಗಣ.
ಒಂದಕ್ಷರ ಸರಿದರೆ ಮಾತಾರಾ, ಮಗಣ.
ಇನ್ನೊಂದು ಸರಿದರೆ ತಾರಾಜ.
ನಡು ಮೊದಲಾಗುತ್ತ, ಕೊನೆ ನಡುವಾಗುತ್ತ
ಹತ್ತೇ ಅಕ್ಷರದಲ್ಲಿ ಎಂಟೂ ಗಣ
ಒತ್ತರಿಸಿ ಕೂತಿವೆ, ಆಳಂದ ಬಸ್ಸಿನ ಸೀಟಿನಂತೆ.
ಮೇಡಮ್ ಬಹಳ ಹೊತ್ತು ನೋಡಿದರು.
"ಇಪ್ಪತ್ತು ವರ್ಷ ಪಾಠ ಮಾಡೀನಿ,
ಯಾರೂ ಹೇಳಲೇ ಇಲ್ಲ ನನಗ" ಎಂದು
ತಮ್ಮ ಡೈರಿಗೆ ಇಳಿಸಿಕೊಂಡರು.

ಆಮೇಲೆ ಸಲೀಸು. ಅಲ್ಲೂ ಮೂರಕ್ಷರಕ್ಕೊಂದು ಗಣ.
ನಮಗೆ ಗುರು ಲಘು ಎರಡೇ, ಎಂಟಕ್ಕೆ ಮುಗಿಯಿತು;
ಜೀವಕ್ಕೆ ನಾಲ್ಕು, ಅರವತ್ನಾಲ್ಕು ಗಣ.
ಎಟಿಜಿ ಕಂಡಲ್ಲಿ ಓದು ಶುರು,
ಟಿಎಎ ಕಂಡಲ್ಲಿ ಬಾಯಿ ಮುಚ್ಚು.
ನಡುವೆ ಒಂದಕ್ಷರ ಉದುರಿತೋ
ಅಲ್ಲಿಂದಾಚೆ ಗಣವೆಲ್ಲ ಅಡ್ಡಾದಿಡ್ಡಿ,
ಚಂಪಕಮಾಲೆಯ ದಾರ ಕಡಿದಂತೆ.

ಮೂರನೆಯ ದಿನ ಓದು ಮುಗಿದು ಬರವಣಿಗೆ.
ನಮ್ಮದೊಂದು ಸಾಲು ಕಟ್ಟಿ ಸೂಕ್ಷ್ಮಾಣುವಿನೊಳಗಿಟ್ಟರೆ
ಅದು ತನ್ನದೇ ಎಂದು ಓದಿ
ಬಣ್ಣವನ್ನೋ ಇನ್ಸುಲಿನ್ನನ್ನೋ ಮಾಡಿಕೊಡುತ್ತದೆ.
ಸೂಗಪ್ಪ ಕೇಳಿದ, "ಲೆಕ್ಕದ ಬುಕ್ಕಿನ್ಯಾಗ ತಪ್ಪಾದ್ರ
ಕೆಂಪು ಶಾಯಿಲೆ ಹೊಡೀತೀವಿ. ಇದ್ರಾಗ?"
"ಇದು ಇಪ್ಪತ್ತು ನಿಮಿಷಕ್ಕೊಮ್ಮೆ
ನಿನ್ನ ಕೇಳದೇ ನಕಲು ತಗೀತದಪ್ಪ.
ಬರಿಯೂಕಿಂತ ಮೊದಲು
ನಿಲ್ಲಿಸೋ ಗಣ ಕಲಿ."

ಗಾಜು ತೊಳೆಯುತ್ತಿದ್ದ ಕಾಶಪ್ಪ ನಲ್ಲಿ ಬಂದ್ ಮಾಡಿದ.
ಮೂರು ದಿನವೂ ಎಲ್ಲ ಕೇಳಿದ್ದಾನೆ.
ಮಗಳಿಗೆ ಏಳು ವರ್ಷ, ಮೂರು ವಾರಕ್ಕೊಮ್ಮೆ
ದವಾಖಾನೆಯಲ್ಲಿ ರಕ್ತ ಏರಿಸಬೇಕು.
"ಒಂದಕ್ಷರದ ತಪ್ಪು ಅಂದಿದ್ರು ಡಾಕ್ಟರ್.
ಯಾವ ಪುಸ್ತಕದಾಗ ಅಂತ ತಿಳಿದಿದ್ದಿಲ್ಲ."
ಕೈ ಒರೆಸಿಕೊಂಡ. "ತಿದ್ದಲಿಕ್ಕ ಬರ್ತದೇನ್ರಿ?"
"ಬ್ಯಾರೆ ದೇಶದಾಗ ಕೆಲವರಿಗಿ ಶುರು ಆಗ್ಯದ."
ಎಷ್ಟಾಗುತ್ತದೆಂದು ಮೇಡಮ್ ಹೇಳಲಿಲ್ಲ,
ಅವನೂ ಕೇಳಲಿಲ್ಲ. ನಲ್ಲಿ ಮತ್ತೆ ಸುರಿಯಿತು.

ಹೋಗುವಾಗ ಹೆಸರು ಕೇಳಿದೆ. ಭಾಗಮ್ಮ.

ಬಸ್ಸಿನಲ್ಲಿ ಟಿಕೆಟ್ಟಿನ ಬೆನ್ನಿಗೆ
ಪ್ರಸ್ತಾರ ಹಾಕಿದೆ: ಗುರು, ಗುರು, ಲಘು.
ತಗಣ. ಮತ್ತೊಮ್ಮೆ ಹಾಕಿದೆ.
ಚೆಕಿಂಗಿನವನು ಹತ್ತಿ, ಟಿಕೆಟ್ಟು ಇಸಿದುಕೊಂಡು
ಹಿಂದೆ ಮುಂದೆ ತಿರುಗಿಸಿ ನೋಡಿ,
"ಇದ್ಯಾವ ಲೆಕ್ಕ ತಂಗಿ?" ಅಂದ.