ಅಳತೆ ಪುಸ್ತಕ

ಗುತ್ತಲು ರಸ್ತೆಯ ನನ್ನ ಅಂಗಡಿಯಲ್ಲಿ
ಮೂರು ಅಳತೆ ಪುಸ್ತಕಗಳಿವೆ.
ಮೊದಲನೆಯದರ ರಟ್ಟು ಇಲಿ ತಿಂದಿದೆ.
ಉಳಿದ ಪುಟಗಳಲ್ಲಿ ಹುಡುಕಿದರೆ
ನಿಂಗಾಜಮ್ಮ ಒಂಬತ್ತು ಕಡೆ ಸಿಗುತ್ತಾಳೆ.

ಮೊದಲ ಸಲ: ಎದೆ ಮೂವತ್ತೆರಡು, ತೋಳು ಒಂಬತ್ತು.
ಮಂಡಲ ಪಂಚಾಯ್ತಿಗೆ ಹೆಂಗಸೊಬ್ಬಳು ಬೇಕಿತ್ತಂತೆ,
ಮಾವನೇ ಅರ್ಜಿ ತುಂಬಿಸಿ ಹೆಬ್ಬೆಟ್ಟು ಒತ್ತು ಅಂದನಂತೆ.
‘ಏಳ್ನೇ ಕ್ಲಾಸು ಓದಿವ್ನಿ ಕಣೆ. ರುಜು ಹಾಕ್ದೆ’
ಅಂದಳು, ಕನ್ನಡಿಯಲ್ಲಿ ಬೆನ್ನು ನೋಡಿಕೊಳ್ಳುತ್ತ.

ನನ್ನ ಹೆಸರು ಖುರ್ಷಿದಾ.
ಆಕೆಯ ಬಾಯಲ್ಲಿ ಕುರ್ಚಿದಾ.
ತಿದ್ದಿದರೆ ನಗುತ್ತಿದ್ದಳು:
‘ಬುಡು, ನಿಂಗೆ ಹುಟ್ತಾನೇ ಕುರ್ಚಿ ಕೊಟ್ಬುಟ್ಟವ್ರೆ.
ನಾನು ಐದು ವರ್ಸಕ್ಕೊಂದ್ಸಲ ಕೈ ಮುಗ್ದು ಕೇಳ್ಬೇಕು.’

ಕೈ ಮುಗಿಯುವುದೂ ಹೊಲಿಗೆಯ ವಿಷಯವೇ.
ದಿನಕ್ಕೆ ಹನ್ನೊಂದು ತಾಸು ಮುಗಿದರೆ
ಬೆನ್ನ ನಡುವೆ ದಾರ ಬಿಚ್ಚಿಕೊಳ್ಳುತ್ತದೆ.
ಜಿಲ್ಲಾ ಪಂಚಾಯ್ತಿಯಲ್ಲಿ ಎರಡು ರವಿಕೆ ಹೀಗೇ ಹೋದವು.
ವಿಧಾನಸಭೆಗೆ ನಿಂತಾಗ
ಎರಡು ಬೆರಳು ಸಡಿಲ ಬಿಟ್ಟೆ,
ಒಳಗೆ ಎಡಕ್ಕೆ ವೀಳ್ಯದೆಲೆಯಷ್ಟು ಜೇಬು.
ದುಡ್ಡಿಗೆ ಅಂದುಕೊಂಡರು ಊರವರು.
ದುಡ್ಡು ಮೈದುನನ ಕೈಲಿತ್ತು. ಜೇಬಲ್ಲಿದ್ದದ್ದು ಚೀಟಿ:
ಯಾವ ಊರಲ್ಲಿ ಯಾರ ಸೊಸೆ ಬಸುರಿ,
ಯಾರ ಎಮ್ಮೆ ಸತ್ತಿದೆ.

ಗೆದ್ದಳು. ಮೂರನೇ ಸಲ ಗೆದ್ದಾಗ
ಸಣ್ಣ ಉಳಿತಾಯ, ಲಾಟರಿ ಖಾತೆಯ ಮಂತ್ರಿ, ಹನ್ನೊಂದೇ ತಿಂಗಳು.
ಹಸಿರು ರೇಷ್ಮೆ ಸಂಜೆ ಆರಕ್ಕೆ ಬಂತು,
ಪ್ರಮಾಣವಚನ ಮರುದಿನ ಹತ್ತಕ್ಕೆ.
ಕರೆಂಟು ಎರಡು ಸಲ ಹೋಯಿತು.
ನಾಲ್ಕಕ್ಕೆ ಕಾರು ಬಂದು ಒಯ್ದಿತು.
ಎದುರಿನ ಬೇಕರಿಯ ಟಿವಿಯಲ್ಲಿ ನೋಡಿದೆ.
ಸಕ್ಕರೆ ಕಾರ್ಖಾನೆಯ ಕೂಗಿನಲ್ಲಿ
ಆಕೆ ಯಾವ ದೇವರ ಮೇಲೆ ಆಣೆ ಇಟ್ಟಳೋ ಕೇಳಲಿಲ್ಲ.
ಎಲ್ಲರೂ ಮುಖ ನೋಡಿದರು, ನಾನು ಬಲತೋಳು.
ಅಲ್ಲೊಂದು ಸುಕ್ಕಿತ್ತು.
ಇವತ್ತಿಗೂ ಚುಚ್ಚುತ್ತದೆ.

ದೇವತೆ ಅಂತ ಹೇಳುತ್ತಿಲ್ಲ.
ಕಾವೇರಿ ಗಲಾಟೆಯಲ್ಲಿ ಹೆದ್ದಾರಿ ಮೇಲೆ ಕೂತು
ಪೊಲೀಸರ ಎಳೆದಾಟದಲ್ಲಿ ತೋಳು ಹರಿದಾಗ
ಸೂಜಿ ಹಿಡಿದು ಓಡಿದೆ.
‘ಅತ್ಲಾಗ್ ಮಡಗು. ಪೇಪರ್ನೋರು ಇನ್ನೂ ಬಂದಿಲ್ಲ.’

ರೆಸಾರ್ಟಿನಲ್ಲಿ ಹದಿನೇಳು ದಿನ ಕೂಡಿಹಾಕಿದಾಗ
ಉಟ್ಟ ಸೀರೆಯಲ್ಲೇ ಬಸ್ಸು ಹತ್ತಿಸಿದ್ದರು.
ಡ್ರೈವರ್ ಜವರಪ್ಪ ಬಂದ: ‘ಹಳೇ ಅಳ್ತೇಗೇ ನಾಕು ಜಾಕೀಟು.’
ಹೊಲಿದೆ. ಬಿಗಿಯಾದವಂತೆ.
‘ಅಲ್ಲಿ ಉಣ್ಣೋದ್ ಬುಟ್ರೆ ಇನ್ನೇನ್ ಕೆಲ್ಸ?
ನಿಂದು ಯಾವ ಕಡೆ ಅಂತ ಒಬ್ನೂ ಕೇಳ್ನಿಲ್ಲ.’

ಆಮೇಲೆ ರಸ್ತೆ ಅಗಲವಾಯಿತು.
ಸರ್ವೆಯವನ ಟೇಪು ನನ್ನ ಟೇಪಿಗಿಂತ ಉದ್ದ,
ನಾಲ್ಕೂವರೆ ಅಡಿ ಅಂಗಡಿ ಹೋಯಿತು.
ಮನೆಗೆ ಹೋದೆ. ಚಹಾ ಕೊಟ್ಟಳು, ಬಿಸ್ಕತ್ತೂ.
‘ಅಳ್ತೆ ಅಂದ್ರೆ ಅಳ್ತೆ ಕಣೆ. ನಿಂಗ್ ಗೊತ್ತಿಲ್ವಾ?’
ಉದ್ಘಾಟನೆಯ ದಿನ ಆಕೆ ತೊಟ್ಟಿದ್ದು
ಎರಡನೇ ಪುಸ್ತಕದ ನಲವತ್ತೊಂದನೇ ಪುಟ.
ರಿಬ್ಬನ್ನಿನ ಮುಂದೆ ತಡವರಿಸಿದಳು.
ಕತ್ತರಿ ಹಿಡಿಯಲು ಬಾರದು ಆಕೆಗೆ,
ಹೆಬ್ಬೆರಳು ತಪ್ಪು ಕಡೆ ಇತ್ತು.

ಎರಡು ವರ್ಷ ಬ್ಲೌಸ್ ಪೀಸು ಬರಲಿಲ್ಲ.
ನಾನೂ ಆ ಕಡೆ ಹೋಗಲಿಲ್ಲ.
ಆರುನೂರ ಹನ್ನೊಂದು ಮತದಲ್ಲಿ ಸೋತಳೆಂದು
ಬೇಕರಿಯವನು ಚಿಲ್ಲರೆ ಎಣಿಸುತ್ತ ಹೇಳಿದ.

ಒಂದು ಮಧ್ಯಾಹ್ನ ಆಟೋದಲ್ಲಿ ಬಂದಳು, ಒಬ್ಬಳೇ.
ಕುರ್ಚಿ ಎಳೆದೆ. ಕೂರಲಿಲ್ಲ,
ತೋಳು ಅಗಲಿಸಿ ನಿಂತಳು, ಅಳೆ ಎಂಬಂತೆ.
ಭುಜ ಅರ್ಧ ಇಂಚು ಇಳಿದಿತ್ತು.
ಹಳೆಯ ಅಂಕಿಯನ್ನು ಗಟ್ಟಿಯಾಗಿ ಹೇಳಿ
ಹೊಸದನ್ನು ಬರೆದುಕೊಂಡೆ.

‘ಜೇಬು?’
ಸ್ವಲ್ಪ ಹೊತ್ತು ರಸ್ತೆ ನೋಡಿದಳು, ತನ್ನದೇ ರಸ್ತೆ.
‘ಇರ್ಲಿ. ಒಳ್ಗಡೆ ಒಂದಿಂಚು ಬಟ್ಟೆ ಬುಟ್ಟಿರು,
ಬೇಕಾದ್ರೆ ಬಿಚ್ಕೋಬೋದು.’

ಆಮೇಲೆ ಎಂದಿನಂತೆ
ಮಜೂರಿಯಲ್ಲಿ ಹತ್ತು ರೂಪಾಯಿಗೆ ಜಗಳ ತೆಗೆದಳು.
ನಾನು ಬಿಡಲಿಲ್ಲ.