ಅರ್ಧ ಟಾಕಿ

ಮುಚ್ಚಳ ತಿರುವಿದ ಕೂಡಲೇ ಗೊತ್ತಾತ್ರಿ ಬಾಯಾರ,
ಗಾಡಿ ನಾಕು ವರ್ಷ ನಿಂತೈತಿ.
ಪೆಟ್ರೋಲು ಪೆಟ್ರೋಲಿನಂಗ ನಾರವಲ್ದು,
ಹಳೇ ಬಣ್ಣದ ಡಬ್ಬಿ ತಗದಂಗ
ಮೂಗಿಗಿ ಒಂದು ಹುಳಿ ಬಡೀತು.
ಬ್ಯಾಟರಿ ಬಿಟ್ಟು ನೋಡಿದೆ:
ಜಂಗು, ಕೆಂಪಗ,
ಎಲಿಯಡಕಿ ಉಗುಳಿದ ಮೂಲಿಯಂಗ.

ಎಪ್ಪತ್ತೆರಡರ ಜಾವಾ. ಇದರ ಮ್ಯಾಲೆ ನೀವು
ಹರ್ತಿ, ಮುಳಗುಂದ, ರಾತ್ರಿ ಎರಡಕ್ಕ ಶಿರಹಟ್ಟಿ,
ಎಷ್ಟು ಹೆರಿಗಿ ಮಾಡಿಸೀರಿ ಲೆಕ್ಕ ಇಲ್ಲ.
ಮೊಣಕಾಲು ಕೊಯ್ಸಿಕೊಂಡ ಮ್ಯಾಲೆ
ತಗಡಿನ ಶೆಡ್ಡಿನ್ಯಾಗ ನಿಲ್ಲಿಸಿ
ಜಮಖಾನಿ ಹೊಚ್ಚಿದಿರಿ.
ಹೊಚ್ಚಿದ್ದು ಧೂಳಿಗಿ. ರೋಗ ಒಳಗಿತ್ತು.

ಏನ ತಪ್ಪು ಮಾಡೇನಿ ಅಂತ ಕೇಳತೀರಿ.
ಅರ್ಧ ಟಾಕಿ ಬಿಟ್ಟದ್ದ ತಪ್ಪು.
ಪೆಟ್ರೋಲು ಕಬ್ಬಿಣ ತಿನ್ನೂದಿಲ್ಲ ಬಾಯಾರ,
ತಿನ್ನೂದು ಅದರ ಮ್ಯಾಲಿನ ಖಾಲಿ.
ಚಳಿಗಾಲದಾಗ ಕಪ್ಪತ್ತಗುಡ್ಡದ ಕಡಿಂದ ಗಾಳಿ ಬೀಸಿ
ಹಗಲು ಕಾದ ತಗಡು ರಾತ್ರಿ ಥಣ್ಣಗಾದರ
ಆ ಖಾಲಿ ಬೆವರತೈತಿ.
ಒಂದ ಹನಿ. ಮತ್ತೊಂದ ಹನಿ.
ನೀರು ಭಾರ, ತಳಕ್ಕ ಹೋಗಿ ಕೂಡತೈತಿ.
ಕೆಲಸಿಲ್ಲದ ಕೂತಾಂವ ಏನ ಮಾಡತಾನ? ಕೆಡಸತಾನ.
ಅದರಾಗ ಈಗಿನ ಪೆಟ್ರೋಲಿಗಿ ಕಬ್ಬಿನ ಸ್ಪಿರಿಟ್ಟು ಬ್ಯಾರೆ.
ಅದರ ಚಟ ನನಗ ಗೊತ್ತು, ನಾನೂ ಕುಡೀತಿದ್ದೆ ಒಂದ ಕಾಲಕ್ಕ:
ಎಲ್ಲಿದ್ದ ನೀರನ್ನೂ ಗೆಳೆತನ ಮಾಡಿ
ಮನಿಗಿ ಕರಕೊಂಡು ಬರತೈತಿ.

ತುಂಬಿದ ಕೊಡ ತುಳಕೂದಿಲ್ಲ ಅಂತಾರ.
ತುಂಬಿದ ಟಾಕಿ ತುಕ್ಕು ಹಿಡಿಯೂದಿಲ್ಲ, ಇದು ನನ್ನ ಗಾದಿ.
ಒಂದೋ ಕಂಠಮಟ ತುಂಬ್ರಿ,
ಇಲ್ಲಾ ಪೂರ್ತಿ ಬಸದು ಒಳಗ ಎಣ್ಣಿ ಸವರ್ರಿ.
ನಡಬರಕ ಬಿಡಬ್ಯಾಡ್ರಿ.

ಮೂರು ದಿನ ಹುಣಸಿ ನೀರು ತುಂಬಿ ಇಟ್ಟೆ,
ನಮ್ಮಾಕಿ ತಾಮ್ರದ ಹಂಡೇಕ ಅಂತ ಇಟ್ಟಿದ್ದ ಹುಣಸಿ.
ಒಂದು ಹಿಡಿ ನಟ್ಟು ಹಾಕಿ, ತೊಡಿ ಮ್ಯಾಲಿಟ್ಟು ಅಲ್ಲಾಡಸಿದೆ,
ಝಲ್ಲ, ಝಲ್ಲ,
ನಾವು ಪಿಂಜಾರರು, ನಮ್ಮಪ್ಪ ಬಿಲ್ಲು ಹಿಡದು
ಹತ್ತಿ ಹಿಂಜಿದ್ದೂ ಇದ ತಾಳದಾಗ.
ಅವನ ಮುಂದ ಬೆಳ್ಳನ್ನ ಮೋಡ ಏಳತಿತ್ತು,
ನನ್ನ ಮುಂದ ಇಟ್ಟಂಗಿ ಅರದಂಥಾ ನೀರು.
ಸೋಡಾ ಹಾಕಿ ತೊಳದೆ. ಹುಳಿ ಉಳೀತಂದ್ರ
ಸಂಜಿಗೇ ಮತ್ತ ಕೆಂಪಾಕ್ಕೈತಿ.
ರೇಷ್ಮಾ ತನ್ನ ಕೂದಲ ಒಣಗಸೂ ಮಿಷಿನ್ ತಂದು ಹಿಡದ್ಲು.
ಕಡೀಕ, ಬೆಟಗೇರಿ ಸೀರಿ ತುಂಡಿನ್ಯಾಗ ಸೋಸಿ
ಹೊಸ ಪೆಟ್ರೋಲು.

ಇನ್ನ ಕಾರ್ಬುರೇಟರ್.
ಪೆಟ್ರೋಲು ಹಾರಿ ಹೋಗಿ ಎಣ್ಣಿ ಉಳದು
ಬಟ್ಟಲದಾಗ ಜಾಲಿ ಅಂಟಿನಂಗ ಕೂತಿತ್ತು.
ಜೆಟ್ಟಿನ ತೂತು ಕಟ್ಟಿತ್ತು.
ನಾ ತಂತಿ ತಗೊಂಡೆ.
ನೀವು ಕೈ ಹಿಡದ್ರಿ.
"ಖಾಜೇಸಾಬ, ತಂತಿ ಹಾಕಬ್ಯಾಡ, ದಾರಿ ಹರೀತೈತಿ."
ನಲವತ್ತು ವರ್ಷದ ಮೇಸ್ತ್ರಿ ನಾ. ಸಿಟ್ಟ ಬಂತು, ಖರೇ ಹೇಳತೇನಿ.
ನೀವು ಅದನ್ನ ಥಿನ್ನರಿನ್ಯಾಗ ಅದ್ದಿ, ಒರಸಿ,
ಎರಡು ಬೆರಳಿನ್ಯಾಗ ಹಿಡದು, ತುಟಿಗಿ ಹಚ್ಚಿ
ಊದಿದ್ರಿ. ಜೋರಲ್ಲ.
ಹುಟ್ಟಿ ಅಳಲಾರದ ಕೂಸಿಗಿ ಊದಿದಷ್ಟ.
ಆಮ್ಯಾಲೆ ಬೆಳಕಿಗಿ ಹಿಡದು ನನ್ನ ಕಡೆ ಚಾಚಿದ್ರಿ:
ತೂತಿನ್ಯಾಗ ಗದಗಿನ ಆಕಾಶ,
ಒಂದು ಚುಕ್ಕಿ.

ಒದಿಯೂದು ರೇಷ್ಮಾ ಒದೀತಾಳ, ಓಡಸೂದು ನೀವು.
ಹದಿನೈದು ದಿನಕ್ಕೊಮ್ಮೆ ಲಕ್ಕುಂಡಿ ತನಕ ಹೋಗಿ ಬರ್ರಿ.
ಬಂದು ಪೆಟ್ರೋಲ್ ಕಾಕು ಬಂದ್ ಮಾಡ್ರಿ,
ಇಂಜಿನ್ ಬಂದ್ ಮಾಡಬ್ಯಾಡ್ರಿ.
ಬಟ್ಟಲದಾಗ ಇದ್ದದ್ದು ತಾನ ಕುಡದು ಮುಗಸಲಿ.
ಮುಗಿಯೂ ಮುಂಚೆ ಒಮ್ಮೆ ದನಿ ಏರತೈತಿ, ಅಂಜಬ್ಯಾಡ್ರಿ.
ನಿಮಗ ನಾ ಏನ ಹೇಳೂದು,
ಇಂಥಾ ಉಸಿರು ನೀವು ಭಾಳ ಕೇಳೀರಿ.

ಹುಣಸೀದು ರೊಕ್ಕ ಬ್ಯಾಡ, ಅದು ಮನೀದು.
ಮತ್ತ ಒಂದು ಮಾತು ಹೇಳಬೇಕು ಬಾಯಾರ:
ನಟ್ಟು ಇಪ್ಪತ್ತೆರಡು ಹಾಕಿದ್ದೆ,
ಎರಡ ಸಲ ಎಣಿಸಿದೆ, ಇಪ್ಪತ್ತೊಂದ ಬಂದಾವ.
ಲಕ್ಕುಂಡಿ ಹಾದ್ಯಾಗ ಟಾಕ್ಯಾಗ ಕಿಣ್ ಅಂದ್ರ
ಅದು ನಂದು.