ತೊಂಬತ್ತಾರು

ಹೊರಗೆ ಸೋಲಾಪುರ ನಲವತ್ಮೂರು.
ಒಳಗೆ, ಟವೆಲ್ ಕಾರ್ಖಾನೆಯ ಡಿಸೈನ್ ಕೋಣೆಯಲ್ಲಿ,
ಒಂದು ಗ್ರಾಫಿಕ್ಸ್ ಕಾರ್ಡು ತೊಂಬತ್ತಾರು.

"ನವಿಲಿನ ಕುತ್ತಿಗಿಗೆ ಬಂದ್ರ ಸಾಕ್ರಿ ಅಕ್ಕಾರ,
ಸ್ಕ್ರೀನ್ ಕರ್ರಗ" ಅಂದರು ಮಾಲಕ ಗುರುಬಾಳಪ್ಪ.
"ನಾಕ ದಿನಾತು, ಬರೇ ಕಾಲಿನ ನವಿಲು."

ನಾನು ಮೊದಲು ನೋಡುವುದು ಕಿವಿಯಿಂದ.
ಗೋಡೆಯಾಚೆ ಮಗ್ಗಗಳ ಖಟಕ್ ಖಟಕ್.
ಅದನ್ನು ಸೋಸಿ ತೆಗೆದರೆ ಉಳಿಯುವುದು
ಫ್ಯಾನಿನ ಸಣ್ಣ ಅಳು.
ಎರಡು ಇರಬೇಕಾದಲ್ಲಿ ಒಂದೇ ದನಿ.

ಪಕ್ಕದ ತಗಡು ಬಿಚ್ಚಿದೆ,
ಟೇಬಲ್ ಫ್ಯಾನಿನ ಮುಖ ಅತ್ತ ತಿರುಗಿಸಿದೆ.
ತೊಂಬತ್ತಾರು ಹೋಗಿ ಎಂಬತ್ತೆಂಟು.
ಅಂದರೆ ಪೆಟ್ಟಿಗೆಯೊಳಗೆ ಗಾಳಿಗೆ ದಾರಿಯಿಲ್ಲ.
ಎಂಟೇ ಇಳಿಯಿತಲ್ಲ, ಅಂದರೆ ಅದೊಂದೇ ಅಲ್ಲ.
ಬೇನೆ ಎರಡಿದ್ದರೆ
ಒಂದು ಇನ್ನೊಂದರ ಸೆರಗು ಹಿಡಿದು ನಿಂತಿರುತ್ತದೆ.

ಕಾರ್ಡು ಕಿತ್ತು ಉಡಿಯಲ್ಲಿ ಮಲಗಿಸಿಕೊಂಡೆ.
ಹೀಟ್‌ಸಿಂಕಿನ ತೆಳು ರೆಕ್ಕೆಗಳ ನಡುವೆ
ಹತ್ತಿ ಕೂತಿತ್ತು, ಪದರ ಪದರ:
ಮೇಲೆ ಈ ತಿಂಗಳ ಗುಲಾಬಿ ಆರ್ಡರು,
ಅದರಡಿ ಯಾವುದೋ ಹೋಟೆಲಿನ ಬಿಳಿ,
ಎಲ್ಲದರಡಿ ಹೋದ ದೀಪಾವಳಿಯ ನೀಲಿ.
ಚಿಮಟಿಗೆಯಿಂದ ಎಳೆದರೆ ಇಡಿಯಾಗಿ ಬಂತು,
ಬೆರಳಗಲದ ಒಂದು ಟವೆಲು,
ಯಾರೂ ನೇಯದ್ದು.

ನಿಂತುಹೋದ ಫ್ಯಾನಿನ ನಡುವಿಗೆ
ಕೆಂಪು ನೂಲು ಹದಿನಾರು ಸುತ್ತು. ಎಣಿಸಿದೆ.
ಚಿಪ್ಪಿನ ಮೇಲಿನ ಪೇಸ್ಟು ಒಣಗಿ
ಹಳೆ ವಿಭೂತಿಯಂತೆ ಉದುರಿತು.
ಒರೆಸಿದೆ. ತೊಗರಿಬೇಳೆಯಷ್ಟು ಹೊಸದು ಇಟ್ಟೆ.
ಕೈ ಉದಾರ ಮಾಡಿ ಬಳಿಯುವವರಿದ್ದಾರೆ;
ಹೆಚ್ಚಾದರೆ ಅದೂ ಕಂಬಳಿಯೇ.

ಮೊನ್ನೆ ಫೋನಿನಲ್ಲೇ ಹೇಳಿ ಹಾಕಿಸಿದ್ದ
ಜ್ವರದ ಪಟ್ಟಿ ತೆರೆದೆ, ಸುಮ್ಮನೆ, ಕಡೆಯದಾಗಿ.
ಹಗಲೆಲ್ಲ ಏರಿಳಿತ.
ನವಿಲಿಗೆ ತೊಂಬತ್ತಾರು, ಊಟದ ಹೊತ್ತಿಗೆ ಐವತ್ತು.
ಸಂಜೆ ಏಳಕ್ಕೆ ಕೋಣೆಗೆ ಬೀಗ.
ರಾತ್ರಿ ಒಂದೂವರೆಯಿಂದ ನಾಲ್ಕರ ತನಕ
ತೊಂಬತ್ತಾರಕ್ಕೆ ಏರಿ ಅಲ್ಲೇ ನಿಂತ ಗೆರೆ.
ಮೂರೂ ರಾತ್ರಿ.

ಫೋಲ್ಡರಿನೊಳಗೆ ಫೋಲ್ಡರು.
'ಜುನೀ ಬಿಲೆ' ಎಂಬ ಹೆಸರಿನಡಿ
ಲಾರಿ ಓಡಿಸುವ ಆಟ.
ಡ್ರೈವರ್: ಲಕ್ಕಪ್ಪ.
ಓಡಿಸಿದ್ದು: ನಲವತ್ತೊಂದು ಸಾವಿರ ಕಿಲೋಮೀಟರು.
ಕೊನೆಗೆ ನಿಲ್ಲಿಸಿದ್ದು ಹಿಮ ಬೀಳುವ ಒಂದು ಘಾಟಿನಲ್ಲಿ,
ವೈಪರ್ ಇನ್ನೂ ಆಡುತ್ತಿದ್ದಂತೆ.

ಬಾಗಿಲಲ್ಲಿ ವಾಚ್‌ಮನ್ ಲಕ್ಕಪ್ಪ, ಕೈಯಲ್ಲಿ ಚಹಾ.
ಬಲಗಣ್ಣಿನ ಗುಡ್ಡೆಯಲ್ಲಿ ಹಾಲು ಕಲಸಿದಂತೆ.
ನೂಲಿನ ಲೋಡು ಹೇರಿಕೊಂಡು ಹೈದರಾಬಾದಿಗೆ
ಇಪ್ಪತ್ತು ವರ್ಷ ಹೋಗಿ ಬಂದವನು;
ಲೈಸೆನ್ಸು ಹೋದದ್ದು ಆ ಕಣ್ಣಿನಿಂದ.
ಸ್ಕ್ರೀನು ನೋಡಿದ. ನನ್ನನ್ನು ನೋಡಿದ.
ಚಹಾ ಬಸಿಗೆ ಚೆಲ್ಲಿತು.

"ಏನಾಗಿತ್ರಿ?" ಮಾಲಕರು.
"ಹತ್ತಿ" ಅಂದೆ.
ಉಡಿಯಲ್ಲೇ ಇತ್ತಲ್ಲ, ಎತ್ತಿ ತೋರಿಸಿದೆ.
ಬಿಲ್ಲಿನಲ್ಲೂ ಅದನ್ನೇ ಬರೆದೆ:
ಹತ್ತಿ, ನೂಲು, ಪೇಸ್ಟು. ಆರುನೂರೈವತ್ತು.
ನವಿಲಿಗೆ ಕುತ್ತಿಗೆ ಬಂತು, ಕೊಕ್ಕು ಬಂತು.
ಕಾರ್ಡು ಎಪ್ಪತ್ತೊಂದಕ್ಕೆ ನಿಂತಿತು.

ಗೇಟಿನ ಹತ್ತಿರ ದನಿ ಇಳಿಸಿ ಹೇಳಿದೆ:
"ರಾತ್ರಿ ಬಾಜೂಕಿನ ತಗಡ ತಗದ ಇಡ್ರಿ.
ಸೆಟ್ಟಿಂಗಿನ್ಯಾಗ ಹಿಮ ಒಂದೀಟ ಕಮ್ಮಿ ಮಾಡ್ರಿ,
ಒಂದೊಂದು ಹಳಕಿಗೂ ಲೆಕ್ಕಾ ಹಾಕತೈತಿ ಅದು,
ಅದಕ್ಕ ಕಾಯತೈತಿ."

ಲಕ್ಕಪ್ಪ ಬಹಳ ಹೊತ್ತು ಯೋಚಿಸಿದ,
ಎಡಗಣ್ಣಿನಲ್ಲಿ.
"ಹಿಮಾ ಇರ್ಲಿರಿ ಅಕ್ಕಾರ.
ಬೇಕಂದ್ರ ಗಾಡಿ ಸಾವಕಾಶ ಹೊಡೀತೀನಿ.
ನಾ ಹ್ಯಾಂಗೂ ನಾಲ್ವತ್ತು ದಾಟಾಂವಲ್ಲ."

ಅದರಿಂದ ಏನೂ ಆಗುವುದಿಲ್ಲ,
ಲಾರಿಯ ವೇಗಕ್ಕೂ ಕಾರ್ಡಿನ ಕಾವಿಗೂ ಸಂಬಂಧವಿಲ್ಲ
ಎಂದು ಹೇಳಬೇಕಿತ್ತು.
ಸ್ಕೂಟಿಯ ಸೀಟು ಮುಟ್ಟಿ ಕೈ ಹಿಂದೆಗೆದೆ.
ಅವನೇ ಹೆಗಲ ಟವೆಲು ತೋಯಿಸಿ ತಂದು
ಸೀಟಿನ ಮೇಲೆ ಹಾಸಿದ.